ಅಜ್ಜ ಹಾಕಿದ ಗಂಟು

ಹದಿನೈದರ ಹುಡುಗಿ ಕಡಲಲ್ಲಿ ವಾಟರ್ ಸ್ಕೂಟರ್ ಓಡಿಸುವುದಾದರೆ ದೊಡ್ಡವರೊಬ್ಬರು ದಡದಲ್ಲಿ ನಿಂತು ನೋಡಿಕೊಳ್ಳಲೇಬೇಕು ಎಂದು ಅದನ್ನು ಬಾಡಿಗೆಗೆ ಕೊಡುವವನು ಹಟ ಹಿಡಿದಿದ್ದ. ಅಜ್ಜ ಮುಂದೆ ಬಂದದ್ದೇ ಅವನಿಗೆ ಸಮಾಧಾನವಾಯಿತು. ನಲವತ್ತು ವರ್ಷ ಕಡಲಲ್ಲಿ ಬಲೆ ಬೀಸಿದವರಿಗಿಂತ ದೊಡ್ಡವರು ಇನ್ಯಾರು ಬೇಕು? ಅವನು ಬೇರೆ ಗಿರಾಕಿಗಳ ಕಡೆ ಹೋದ.

ಮೊಮ್ಮಗಳ ಮಣಿಕಟ್ಟಿನಿಂದ ಇಂಜಿನ್ನಿನ ಸ್ವಿಚ್ಚಿಗೆ ಒಂದು ಕೆಂಪು ದಾರ. ಅಲೆಗೆ ಕೈ ಕೊಂಚ ಜಗ್ಗಿದರೂ ಅದು ಕಿತ್ತುಬಂದು ಇಂಜಿನ್ ನಿಲ್ಲುತ್ತಿತ್ತು. ಮೂರನೆಯ ಸಲ ನಿಂತಾಗ ಅಜ್ಜನೇ ಸೊಂಟದುದ್ದ ನೀರಿಗಿಳಿದು ಬಂದರು.

“ಇದೆಂತ ಮಾರಾಯ್ತಿ, ದನ ಕಟ್ಟಿದ ಹಾಗೆ! ಹ್ಯಾಂಡಲ್ಲಿಗೇ ಬಿಗಿದುಬಿಡ್ತೇನೆ.”

“ಬೇಡ ಅಜ್ಜ, ಕೈಯಲ್ಲೇ ಇರ್ಬೇಕಂತೆ. ನಾನು ಬಿದ್ರೆ ಅದು ನಿಲ್ಬೇಕಲ್ಲ?”

“ಬೀಳೋರಿಗೆ ಆ ದಾರ. ನೀನು ಯಾರ ಮೊಮ್ಮಗಳು?”

ಅಜ್ಜ ದಾರ ಬಿಚ್ಚಿ ಹ್ಯಾಂಡಲ್ಲಿಗೆ ಬಿಗಿದರು. ಹುಡುಗಿ ನಕ್ಕಳು. “ನಿನ್ನ ಗಂಟು ಬಿಚ್ಚಿಹೋದ್ರೆ?”

“ನಾನು ಹಾಕಿದ ಗಂಟು ಬಿಚ್ಚಲಿಕ್ಕೆ ಈ ಸಮುದ್ರಕ್ಕೂ ಆಗ್ಲಿಲ್ಲ. ಹೋಗು, ಹೋಗು.”

ಐದನೆಯ ಅಲೆ ಅವಳನ್ನು ಎತ್ತಿ ಎಸೆಯಿತು. ಚೆನ್ನಾಗಿ ಈಜುವ ಹುಡುಗಿ. ನೀರಿನಿಂದ ತಲೆಯೆತ್ತಿ ಕೈಬೀಸಿದಳು. ದಡಕ್ಕೆ ಮರಳಿದ್ದ ಅಜ್ಜನೂ ನಗುತ್ತ ಕೈಬೀಸಿದರು. ಅಷ್ಟರಲ್ಲಿ ಸವಾರಳಿಲ್ಲದ ಸ್ಕೂಟರ್ ದೊಡ್ಡದೊಂದು ಸುತ್ತು ಹೊಡೆದು, ಅವಳ ಬೆನ್ನ ಹಿಂದಿನಿಂದ ಅವಳತ್ತಲೇ ತಿರುಗಿತು.

“ಮುಳುಗು ಮಗಾ, ಮುಳುಗು!”

ಇಂಜಿನ್ನಿನ ಸದ್ದಿನಲ್ಲಿ ಆ ಕೂಗು ಅವಳಿಗೆ ಕೇಳಲಿಲ್ಲ.

ಅವಳ ಮೇಲೆ ಹಾದು ಬಂದ ಸ್ಕೂಟರ್ ಅಜ್ಜನ ಕಾಲಬುಡದ ಮರಳಿಗೆ ಹತ್ತಿದಾಗಲೂ ಗುರುಗುಡುತ್ತಲೇ ಇತ್ತು, ಗಂಟು ಬಿಚ್ಚಿರಲಿಲ್ಲ.