ತೆರೆಯ ಹಿಂದಿನ ದನಿ

ಫ್ಯಾಕ್ಟರಿಯ ವಾರ್ಷಿಕೋತ್ಸವದಲ್ಲಿ ಮಿಮಿಕ್ರಿ ಷಡಕ್ಷರಿಯ ಸರದಿ ಬಂದಾಗ, ತೆರೆಯ ಹಿಂದೆ ಮಾಲೀಕರು ಅವನ ಕೈ ಹಿಡಿದುಕೊಂಡರು.

"ಮೊದಲು ಅವರನ್ನ ಚೆನ್ನಾಗಿ ನಗಿಸಪ್ಪಾ. ಆಮೇಲೆ ನಾನೊಂದು ಕೆಟ್ಟ ಸುದ್ದಿ ಹೇಳ್ಬೇಕು."

ಷಡಕ್ಷರಿ ಮೈಕ್ ಎತ್ತಿಕೊಂಡ. "ಯಾರ ದನೀಲಿ ಮಾತಾಡ್ಲಿ ಸಾರ್?"

"ನಂದೇ ದನೀಲಿ. ಎಷ್ಟು ಬೇಕಾದ್ರೂ ಆಡ್ಕೋ."

ತೆರೆಯ ಮರೆಯಲ್ಲೇ ನಿಂತು ಅವನು ಮಾಲೀಕರಂತೆ ಕೆಮ್ಮಿದ, ಗದರಿದ, "ಟೀ ಕುಡಿಯೋಕೆ ಎಷ್ಟು ಹೊತ್ರೀ?" ಎಂದ. ಕಾರ್ಮಿಕರೂ ಅವರ ಹೆಂಡತಿ ಮಕ್ಕಳೂ ಬಿದ್ದು ಬಿದ್ದು ನಕ್ಕರು.

ಕೊನೆಗೆ ಅವನು ಮೈಕ್ ಕೊಟ್ಟ. "ಮುಂದೆ ಹೋಗಿ ಸಾರ್."

"ಆಗಲ್ಲ ಕಣಯ್ಯ. ಅವರ ಮುಖ ನೋಡೋಕೆ ಧೈರ್ಯ ಇಲ್ಲ."

ಮಾಲೀಕರು ತೆರೆಯ ಹಿಂದೆ ನಿಂತೇ ಕೆಮ್ಮಿದರು. ದನಿ ನಡುಗಿತು. "ನಾಳೆಯಿಂದ ಫ್ಯಾಕ್ಟರಿ ಮುಚ್ತಾ ಇದ್ದೀನಿ. ನನ್ನನ್ನ ಕ್ಷಮಿಸ್ಬಿಡಿ."

ತೆರೆಯಾಚೆ ಇಡೀ ಸಭಾಂಗಣ ಶಿಳ್ಳೆ ಹೊಡೆದು ಕೂಗಿತು: "ಒನ್ಸ್ ಮೋರ್!"