ಅಂಟಿನ ಕೋಣೆಯವರ ರಕ್ತ

ಕಾರ್ಖಾನೆಯ ಡಾಕ್ಟರು ಅಕ್ಕನ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ದವಡೆ ಹಲ್ಲು ಕೀಳಿಸಿ ಮೂರು ದಿನವಾಗಿತ್ತು. ಇಷ್ಟು ಹೊತ್ತಿಗೆ ಮಾಯತೊಡಗಬೇಕಿದ್ದ ಗುಳಿಯಿಂದ ರಕ್ತ ಇನ್ನೂ ಜಿನುಗುತ್ತಲೇ ಇತ್ತು. ಹೊಸ ಹತ್ತಿಯುಂಡೆ ಇಟ್ಟು, "ಕಚ್ಕೊಂಡಿರಮ್ಮ, ಮಾತಾಡ್ಬೇಡಿ," ಎಂದರು.

ಮಾತಾಡದೆ ಇರುವುದು ಅಕ್ಕನಿಗೇನೂ ಹೊಸದಲ್ಲ. ಬೂಟಿಗೆ ಅಟ್ಟೆ ಅಂಟಿಸುವ ಕೋಣೆಯಲ್ಲಿ ವರ್ಷಗಟ್ಟಲೆ ಹಾಗೇ ಇದ್ದು ಅಭ್ಯಾಸ. ಗಾಳಿಗೆ ಧೂಳು ಬಂದು ಅಂಟು ಕೆಡುತ್ತದೆಂದು ಅಲ್ಲಿ ಕಿಟಕಿಗಳಿಗೇ ಮೊಳೆ ಹೊಡೆದಿದ್ದರು. ಅಂಟು ಕೆಟ್ಟಿರಲಿಲ್ಲ. ಇವತ್ತು ಮಾತಾಡಲು ತಂಗಿ ಬಂದಿದ್ದಳು. ಹೋದ ತಿಂಗಳಷ್ಟೇ ಅಕ್ಕನೇ ಮೇಸ್ತ್ರಿಯ ಕೈಕಾಲು ಹಿಡಿದು ಅದೇ ಕೋಣೆಗೆ ಸೇರಿಸಿದ್ದ ತಂಗಿ.

"ಹಲ್ಲಿನ ಡಾಕ್ಟ್ರು ರಕ್ತ ಪರೀಕ್ಷೆ ಮಾಡ್ಸಿದ್ರು ಸಾರ್. ಪ್ಲೇಟ್‌ಲೆಟ್ ನಲವತ್ತು ಸಾವಿರಕ್ಕೆ ಇಳಿದುಬಿಟ್ಟಿದೆಯಂತೆ. ಒಂದೂವರೆ ಲಕ್ಷನಾದ್ರೂ ಇರ್ಬೇಕಂತೆ, ಇಲ್ದಿದ್ರೆ ರಕ್ತ ಹೆಪ್ಪುಗಟ್ಟಲ್ವಂತೆ. ಕೀಳೋಕೆ ಮುಂಚೆನೇ ನೋಡ್ಬೇಕಿತ್ತು ಅಂತ ಪಾಪ ಅವರೇ ಹಣೆ ಹಣೆ ಚಚ್ಕೊಂಡ್ರು. ಆ ಅಂಟಿನ ವಾಸನೆಯಿಂದ ಇವಳನ್ನ ದೂರ ಇಡಿ ಅಂದ್ರು. ಪ್ಯಾಕಿಂಗ್‌ಗೆ ಹಾಕಿ ಅಂತ ನೀವೊಂದು ಮಾತು ಹೇಳಿದ್ರೆ..."

"ಹಲ್ಲಿನವರು ಹಲ್ಲು ನೋಡ್ಕೊಂಡ್ರೆ ಸಾಕು," ಡಾಕ್ಟರು ನಕ್ಕರು. "ಒಂದೂವರೆ ಲಕ್ಷ ಅನ್ನೋದು ಹೊರಗಿನವರ ಲೆಕ್ಕ ಕಣಮ್ಮ. ಅಂಟಿನ ಕೋಣೆಯವರಿಗೆ ಇಷ್ಟೇ ಇರೋದು. ನಿಮ್ಮಲ್ಲಿ ಇದೇ ನಾರ್ಮಲ್."

"ಎಲ್ಲರಿಗೂ ಇಷ್ಟೇನಾ?"

"ಎಲ್ಲರಿಗೂ! ವರ್ಷಾವರ್ಷ ನಾನೇ ನೋಡ್ತಿಲ್ವಾ?" ಅಷ್ಟೂ ಮಕ್ಕಳು ಪಾಸಾದ ಶಾಲೆಯ ಹೆಡ್‌ಮಾಸ್ತರರ ಹಾಗೆ ಹೇಳಿದರು. "ಇವರೊಬ್ಬರನ್ನ ಪ್ಯಾಕಿಂಗ್‌ಗೆ ಕಳಿಸಿದ್ರೆ ನಾಳೆ ಇಡೀ ಕೋಣೆ ಎದ್ದು ಬರುತ್ತೆ. ಬೂಟು ಯಾರು ಅಂಟಿಸ್ತಾರೆ?"

ಅಕ್ಕನ ಬಾಯಲ್ಲಿ ಉಪ್ಪುಪ್ಪು ತುಂಬಿಕೊಂಡಿತು. ನುಂಗಿದಳು. ಹಾಗಾದರೆ ತನಗೇನೂ ಆಗಿಲ್ಲವಲ್ಲ ಎಂದು ಒಂದು ಗಳಿಗೆ ಸಮಾಧಾನವೂ ಆಯಿತು.

"ಓಹೋ! ಹಾಗಾದ್ರೆ ಕೆಟ್ಟಿರೋದು ನನ್ನ ರಕ್ತ ಅನ್ನಿ," ತಂಗಿ ಕುಟುಕಿದಳು. "ಕೆಲಸಕ್ಕೆ ಸೇರುವಾಗ ನೀವೇ ಪರೀಕ್ಷೆ ಮಾಡಿ ನಂದು ಎರಡೂವರೆ ಲಕ್ಷ ಅಂದಿದ್ರಿ."

ಕುಟುಕು ಡಾಕ್ಟರಿಗೆ ತಾಗಲೇ ಇಲ್ಲ. ಅಳುವ ಮಗುವನ್ನು ಸಮಾಧಾನ ಮಾಡುವವರ ಹಾಗೆ ಅವಳ ಕಡೆ ಬಾಗಿದರು.

"ಅದಕ್ಯಾಕೆ ಹೆದರ್ತೀಯಮ್ಮ? ಹೊಸಬರಿಗೆ ಸ್ವಲ್ಪ ಜಾಸ್ತಿನೇ ಇರುತ್ತೆ. ಒಂದೆರಡು ವರ್ಷ ಹೋಗ್ಲಿ, ಸರಿಹೋಗುತ್ತೆ."

ಅಕ್ಕ ಎದ್ದು ನಿಂತಳು. ಹತ್ತಿಯುಂಡೆಯನ್ನು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. ತಂಗಿಯ ರಟ್ಟೆ ಹಿಡಿದು, ಕೋಣೆಯ ದಾರಿ ಬಿಟ್ಟು ಗೇಟಿನ ಕಡೆಗೆ ದರದರ ಎಳೆದುಕೊಂಡು ಹೊರಟಳು. ತುಟಿಯಂಚಿನಿಂದ ಗದ್ದಕ್ಕಿಳಿದ ಕೆಂಪನ್ನು ಒರೆಸಿಕೊಳ್ಳಲೂ ಇಲ್ಲ.

"ನಡಿಯೇ," ಎಂದಳು. "ನೀನು ಸರಿಹೋಗೋದೇನೂ ಬೇಡ."