ಕೌದಿಗೊಂದು ತುತ್ತು

"ನನ್ನ ಹಳದಿ ಟೀ ಶರ್ಟ್ ಎಲ್ಲೇ?" ಎಂದು ಕೂಗುತ್ತ ವಸಂತ್ ಬನಿಯನ್‌ನಲ್ಲೇ ಅಂಗಳಕ್ಕೆ ಓಡಿಬಂದಾಗ, ಮನೆ ಹಿಂದಿನ ಬಾಡಿಗೆ ಕೋಣೆಯ ಜಟ್ಟೆಮ್ಮ ಹಳೇ ಟೀ ಶರ್ಟುಗಳ ಹೊಸ ಕೌದಿ ಮುಗಿಸಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಹಳದಿ ಟೀ ಶರ್ಟು ಕೌದಿಯ ನಟ್ಟನಡುವೆ ಚೌಕವಾಗಿ ಕೂತಿತ್ತು.

ವಸಂತನ ಹೆಂಡತಿ ಹಂಸ ಬಾಗಿಲಿಗೆ ಬಂದಳು. "ಅಯ್ಯೋ, ಹಳೇ ಬಟ್ಟೆ ಚೀಲದಲ್ಲಿ ಅದೂ ಹೋಗ್ಬಿಡ್ತಾ? ಕಣ್ತಪ್ಪಿ ಆಗಿರ್ಬೇಕು ರೀ." ಹನ್ನೊಂದು ತೂತುಗಳ, ಟೂರ್ನಮೆಂಟ್ ಮುಗಿಯುವವರೆಗೆ ಒಗೆಯಲೇಬಾರದೆಂಬ ಕಟ್ಟಪ್ಪಣೆ ಇದ್ದ ಆ ಅಂಗಿಯನ್ನು ಕಂಡರೆ ಅವಳಿಗೆ ಆಗುವುದಿಲ್ಲ ಎಂಬುದು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನವರೆಗೂ ಗೊತ್ತಿತ್ತು.

"ಇವತ್ತು ಫೈನಲ್ ಕಣೇ! ಮರ್ಫಿ ಟೌನ್‌ನವ್ರ ಮೇಲೆ!" ವಸಂತನಿಗೆ ಅಳುವೇ ಬಂದಿತ್ತು. ನಲವತ್ತು ದಾಟಿದ ಗಂಡಸು, ಬೀದಿ ಕ್ರಿಕೆಟ್ ಟೀಮಿನ ಕ್ಯಾಪ್ಟನ್. ನಾಲ್ಕು ವರ್ಷದಿಂದ ಫೈನಲ್‌ನಲ್ಲಿ ಸೋತು ಸೋತು ಸಾಕಾಗಿದ್ದ. ಈ ಸಲ ಹಳದಿ ಅಂಗಿ ತೊಟ್ಟು ಐದಕ್ಕೆ ಐದೂ ಪಂದ್ಯ ಗೆದ್ದಿದ್ದ. "ಜಟ್ಟೆಮ್ಮ, ಆ ಒಂದು ತುಂಡು ಬಿಚ್ಕೊಡಮ್ಮ. ಎದೆಗೆ ಪಿನ್ ಹಾಕ್ಕೊಂಡು ಹೋಗ್ತೀನಿ."

ಜಟ್ಟೆಮ್ಮ ಕೌದಿಯ ಮೇಲೆಯೇ ಕೂತುಬಿಟ್ಟಳು. "ಬಿಚ್ಚಾಕ ಬರಂಗಿಲ್ರಿ ಅಣ್ಣಾರ. ಈಗಷ್ಟ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲದೀನಿ. ನಮ್ಮ ಕಡಿ ಕೌದಿಗಿ ತುತ್ತು ಉಣಿಸಲಾರದ ಅದರ ಬಾಯಿ ಹೊಲ್ಯಂಗಿಲ್ಲ. ಉಂಡಾದ ಮ್ಯಾಲ ಯಾರರ ಹೊಟ್ಟಿ ಕೊಯ್ತಾರೇನು?"

ವಸಂತ್ ಕೈ ಮುಗಿದು ಅವಳನ್ನು ಎಬ್ಬಿಸಿದ, ಇಡೀ ಕೌದಿಯನ್ನೇ ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ನಡೆದ. ಕೌದಿ ಏನಾಗುತ್ತದೋ ಎಂದು ಜಟ್ಟೆಮ್ಮ ಹಿಂದೆಯೇ ಓಡಿದಳು. ನಗಲಿಕ್ಕೆ ಹಂಸಳೂ ಓಡಿದಳು.

ಮರ್ಫಿ ಟೌನ್ ಕ್ಯಾಪ್ಟನ್ ಕಿರಣಕುಮಾರ ನಕ್ಕು ನಕ್ಕು ಪಿಚ್ ಮೇಲೆಯೇ ಕೂತ. "ಹೊದ್ಕೊಂಡೇ ಆಡು ಮಗಾ! ಹೆಂಗ್ ಓಡ್ತೀಯೋ ನೋಡ್ತೀನಿ." ವಸಂತ್ ಕೌದಿಯ ಎರಡು ಮೂಲೆಗಳನ್ನು ಕುತ್ತಿಗೆಗೆ ಗಂಟು ಹಾಕಿ, ಹಳದಿ ಚೌಕವನ್ನು ಎದೆಗೆ ತಂದುಕೊಂಡ. ಮಟಮಟ ಮಧ್ಯಾಹ್ನ. ಎರಡು ಸಲ ಎಡವಿ ಬಿದ್ದ. ಆದರೂ ಅವನ ಟೀಮು ಗೆಲುವಿನ ಹತ್ತಿರಕ್ಕೆ ಬಂತು. ಕೊನೆಯ ಬಾಲ್, ಕೊನೆಯ ವಿಕೆಟ್. ಮರ್ಫಿ ಟೌನ್‌ಗೆ ಬೇಕಿದ್ದದ್ದು ಎರಡೇ ರನ್. ಕಿರಣಕುಮಾರ ಬೀಸಿ ಹೊಡೆದ. ಬಾಲ್ ನೇರವಾಗಿ ವಸಂತನ ಮೇಲೆ ಬಂತು. ಅವನು ಕಣ್ಣು ಮುಚ್ಚಿ ಎರಡೂ ಕೈ ಚಾಚಿದ.

ಬಾಲ್ ಕೈಗೂ ಬೀಳಲಿಲ್ಲ, ನೆಲಕ್ಕೂ ಬೀಳಲಿಲ್ಲ. ಕಿರಣಕುಮಾರ ಎರಡು ರನ್ ಓಡಿ ಕುಣಿಯತೊಡಗಿದ. ಆಗ ವಸಂತನಿಗೆ ಹೊಟ್ಟೆಯ ಹತ್ತಿರ, ಕೌದಿಯ ಮಡಿಕೆಯೊಳಗೆ, ಗುಂಡಗೆ ಏನೋ ಒತ್ತಿತು.

"ಔಟ್! ಇಲ್ಲೈತೆ, ಔಟ್!"

"ಯಾವ್ ಸೀಮೆ ಔಟು? ಹಾಸಿಗೇಲಿ ಹಿಡಿದ್ರೆ ಕ್ಯಾಚಾ ಗುರು?"

ಅಂಪೈರ್ ನಜೀರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನೋಡಿ ಭಾಯ್, ಬಟ್ಟೆ ಆದ್ರೆ ಔಟ್. ಹಾಸಿಗೆ ಆದ್ರೆ ನಾಟೌಟ್. ಹೊಲ್ದಿರೋ ಅಮ್ಮನ್ನೇ ಕೇಳೋಣ."

ಎಲ್ಲರೂ ಜಟ್ಟೆಮ್ಮನತ್ತ ತಿರುಗಿದರು. ಜಟ್ಟೆಮ್ಮ ಸೆರಗು ಸರಿಮಾಡಿಕೊಂಡು ಸಾವಕಾಶವಾಗಿ ಹೇಳಿದಳು: "ಹಾಸಿದ್ರ ಹಾಸಿಗಿ. ಹೊದ್ರ ಅರಿವಿ. ಈಗ ಅಣ್ಣಾರು ಹೊದ್ದಾರಲ್ಲ?"

ನಜೀರ್ ಪೆಚ್ಚಾದ. "ಅರಿವಿ ಅಂದ್ರೆ?"

"ಬಟ್ಟೆ ರೀ! ಅರಿವಿ ಅಂದ್ರೆ ಬಟ್ಟೆ!" ಎಂದು ಬೌಂಡರಿ ಗೆರೆ ದಾಟಿ ಕೂಗಿದವಳು ಹಂಸ.

ನಜೀರನ ಬೆರಳು ಮೇಲೆದ್ದಿತು. ಹುಡುಗರು ವಸಂತನನ್ನು ಕೌದಿಯ ಸಮೇತ ಎತ್ತಿ ಕುಣಿದರು. ಅವನು ನಗುತ್ತಲೂ ಇದ್ದ, ಅಳುತ್ತಲೂ ಇದ್ದ.

"ಇದ್ಯಾವ್ ಕೌದಿನಮ್ಮ, ಬಾಲ್ ನುಂಗೋದು?" ಎಂದು ಕಿರಣಕುಮಾರ ಬಂದು ರೇಗಿದ.

ಜಟ್ಟೆಮ್ಮ ಮಡಿಕೆಯಿಂದ ಬಾಲ್ ತೆಗೆದು ಅವನ ಕೈಗಿಟ್ಟು, ರೊಟ್ಟಿ ಇಟ್ಟು ಹೊಲಿದ ಮೂಲೆಯನ್ನು ಮೆಲ್ಲಗೆ ಸವರಿದಳು.

"ಮುಂಜಾನಿ ಗಡಿಬಿಡ್ಯಾಗ ಒಂದ ತುತ್ತು ಹಾಕಿದ್ದೆ ನೋಡಪ್ಪಾ. ಪಾಪ, ಹಸಿದಿತ್ತು."